ಹೆಸರು ಹೇಳಿ ಕೊಯ್ಯುವುದು

ಬೆಳಗಾವಿ ಕಡೆಯ ಕನ್ನಡದಲ್ಲಿ 'ಹಲಾಲ್' ಎಂಬ ಪದ ಮೊನ್ನೆ ಮೊನ್ನೆಯವರೆಗೆ ಅಷ್ಟಾಗಿ ಕೇಳುತ್ತಿರಲಿಲ್ಲ. ಅದರ ಜೋಡಿ ಪದ ಮಾತ್ರ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿತ್ತು. ಕೂಲಿ ತೆಗೆದುಕೊಂಡು ಕೆಲಸ ಮಾಡದವನು ಹರಾಮಖೋರ. ಅಪ್ಪನ ಹೊಲ ಮಾರಿ ಕುಡಿದವನು ಹರಾಮಿ. "ಹರಾಮದ ರೊಕ್ಕ ಮೈಗೆ ಹತ್ತಾಂಗಿಲ್ಲ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆಕೆ ಮಸೀದಿಯ ಮೆಟ್ಟಿಲು ಹತ್ತಿದವಳಲ್ಲ, ಅರಬಿ ಎಂಬುದೊಂದು ಭಾಷೆ ಇದೆಯೆಂದು ಆಕೆಗೆ ಗೊತ್ತಿತ್ತೋ ಇಲ್ಲವೋ. ಆದರೆ ಹೊಟ್ಟೆಗೆ ಹೋಗುವುದು ಏನು ಎಂಬುದಕ್ಕಿಂತ ಅದು ಹೇಗೆ ಬಂತು ಎಂಬುದು ದೊಡ್ಡದು ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಮುಂಬೈ ಪ್ರಾಂತ್ಯದಲ್ಲಿ ಮಲ ಹೊರುವವರನ್ನು 'ಹಲಾಲಖೋರ' ಎಂದು ಕರೆಯುತ್ತಿದ್ದರು. ದುಡಿದು ತಿನ್ನುವವನು ಎಂಬ ಅರ್ಥ. ಎಲ್ಲರಿಗಿಂತ ಕೆಳಗೆ ಕೂರಿಸಿದವರಿಗೆ ಎಲ್ಲರಿಗಿಂತ ಒಳ್ಳೆಯ ಹೆಸರು ಕೊಟ್ಟರು. ಅದು ಗೌರವವೋ ಗೇಲಿಯೋ ನನಗೆ ಈಗಲೂ ತಿಳಿಯದು.

ಈ ಯೋಚನೆ ಕನ್ನಡಕ್ಕೆ ಹೊರಗಿನದೂ ಅಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಇದ್ದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕತೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಹುಳವಿರಲಿಲ್ಲ. ಅದು ಬಂದ ದಾರಿಯಲ್ಲಿ ಆಸೆ ಇತ್ತು, ಅಷ್ಟೇ. ಒಂದು ಪದಾರ್ಥವನ್ನು ಎಷ್ಟು ಪರೀಕ್ಷೆ ಮಾಡಿದರೂ ಕಾಣದ ದೋಷವೊಂದು ಅದರಲ್ಲಿ ಇರಬಹುದು ಎನ್ನುವುದು ಲಕ್ಕಮ್ಮನ ನಂಬಿಕೆ. ಹಲಾಲ್ ಎಂಬ ಕಲ್ಪನೆಯೂ ನಿಂತಿರುವುದು ಇದೇ ನೆಲದ ಮೇಲೆ. ಹಾಗಾಗಿ, ಪೊಟ್ಟಣದ ಮೇಲಿನ ಆ ಪದವನ್ನು ಕಂಡೊಡನೆ ಅನ್ಯವಾದದ್ದೇನೋ ಅಡುಗೆಮನೆಗೆ ನುಗ್ಗಿತು ಎಂದು ಗಾಬರಿಯಾಗುವವರ ಗಾಬರಿ ನನಗೆ ಪೂರ್ತಿ ಅರ್ಥವಾಗುವುದಿಲ್ಲ. ಹಾಗೆಂದು ಅವರ ಪ್ರಶ್ನೆ ಸುಳ್ಳೆಂದೂ ನಾನು ಹೇಳಲಾರೆ. ಈ ಬರಹ ಆ ಎರಡರ ನಡುವಿನದು.

ನಾನು ಖಾನಾಪುರ ತಾಲ್ಲೂಕಿನ ಬೀಡಿ ಹೋಬಳಿಯವನು, ಮಾಂಸ ತಿನ್ನುವ ಮನೆಯವನು. ಪಿಎಚ್.ಡಿ. ಮಾಡುತ್ತಿರುವುದು ಜಿಲ್ಲೆಯ ವಾರದ ಸಂತೆಗಳ ಮೇಲೆ. ಸಂತೆಯಲ್ಲಿ ವಸ್ತು ಕೈ ಬದಲಾಯಿಸುವಾಗ ಅದರ ಜೊತೆ ಇನ್ನೇನು ಕೈ ಬದಲಾಗುತ್ತದೆ ಎನ್ನುವುದು ನನ್ನ ಪ್ರಶ್ನೆ. ಜೋಳ, ಬೆಲ್ಲ, ಮಣ್ಣಿನ ಮಡಕೆಯ ವಿಷಯದಲ್ಲಿ ಉತ್ತರ ಸುಲಭವಾಗಿ ಸಿಗುತ್ತದೆ. ಮಾಂಸದ ವಿಷಯದಲ್ಲಿ ಸಿಗುವುದಿಲ್ಲ. ಮಾಂಸದ ಜೊತೆ ಒಂದು ಸಾವು ಕೈ ಬದಲಾಗುತ್ತದೆ. ಆ ಸಾವಿಗೆ ಉತ್ತರ ಹೇಳುವವರು ಯಾರು?

ನಮ್ಮ ಕಡೆಯ ಹಳ್ಳಿಗಳಲ್ಲಿ ಇದಕ್ಕೊಂದು ಹಳೆಯ ಏರ್ಪಾಟಿತ್ತು. ಲಕ್ಷ್ಮೀ ಜಾತ್ರೆಯಿರಲಿ, ಹೊಲದ ದೇವರ ಹರಕೆಯಿರಲಿ, ಧೂಳವಾಡದ ಮಟನ್ ಇರಲಿ, ಕುರಿ ಕೊಯ್ಯಲು ಮುಲ್ಲಾನನ್ನು ಕರೆಯುತ್ತಿದ್ದರು. ಮರಾಠಿಯಲ್ಲಿ ಮುಲಾಣಿ. ಗ್ರ್ಯಾಂಟ್ ಡಫ್ 1826ರಲ್ಲಿ ಪ್ರಕಟಿಸಿದ ಮರಾಠರ ಇತಿಹಾಸದಲ್ಲಿ ಹಳ್ಳಿಯ ಆಯಗಾರರ ಪಟ್ಟಿ ಕೊಡುತ್ತಾನೆ. ಬಡಿಗ, ಕಮ್ಮಾರ, ಕುಂಬಾರ, ಹಜಾಮ, ಅಗಸ, ಗುರವ, ಜೋಶಿ ಇವರ ಸಾಲಿನಲ್ಲೇ ಮುಲ್ಲಾನೂ ಇದ್ದಾನೆ. ಮಸೀದಿ ನೋಡಿಕೊಳ್ಳುವುದು ಅವನ ಒಂದು ಕೆಲಸವಾದರೆ, ಕುಣಬಿಗಳು ದೇವರಿಗೆ ಕೊಡುವ ಕುರಿ ಮೇಕೆಗಳನ್ನು ಕೊಯ್ಯುವುದು ಇನ್ನೊಂದು. ಅಂದರೆ ಹಿಂದೂ ರೈತರು ತಮ್ಮ ದೇವರಿಗೆ ಬಿಟ್ಟ ಪ್ರಾಣಿಯನ್ನು ಮುಸಲ್ಮಾನನ ಕೈಯಿಂದ, ಅವನ ದೇವರ ಹೆಸರು ಹೇಳಿಸಿ ಕೊಯ್ಯಿಸುತ್ತಿದ್ದರು. ಹಾಗೆ ಕೊಯ್ಯದ ಮಾಂಸ ಅವರಿಗೇ ಸರಿಬರುತ್ತಿರಲಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಮುಲ್ಲಾ ಎಂಬ ಅಡ್ಡಹೆಸರು ಇವತ್ತಿಗೂ ಊರೂರಿಗೆ ಇದೆ.

ನಮ್ಮಜ್ಜನನ್ನು ಒಮ್ಮೆ ಕೇಳಿದ್ದೆ. ನಾವೇ ಯಾಕೆ ಕೊಯ್ಯುವುದಿಲ್ಲ, ಕುಡುಗೋಲು ಕೊಡಲಿ ಎಲ್ಲ ಮನೆಯಲ್ಲೇ ಇವೆಯಲ್ಲ? ಅಜ್ಜ ತಂಬಾಕು ತಿಕ್ಕುತ್ತ ಹೇಳಿದ್ದು ಇಷ್ಟು: "ನಾವ ಕೊಯ್ದರ ಅದು ಬರೇ ಕೊಂದಂಗ ಆಕ್ಕೈತಿ. ಅಂವಾ ಹುಟ್ಟಿಸಿದಾಂವಗ ಹೇಳಿ ಕೊಯ್ತಾನ."

ಈ ಮಾತನ್ನು ಸೌಹಾರ್ದದ ಉದಾಹರಣೆ ಮಾಡಿ ಭಾಷಣಕ್ಕೆ ಬಳಸುವುದು ಸುಲಭ. ನನಗೆ ಅದು ಅಷ್ಟು ಮುದ್ದಾಗಿ ಕಾಣುವುದಿಲ್ಲ. ಸತ್ತ ದನ ಎಳೆಯುವುದನ್ನು ಒಂದು ಕೇರಿಗೆ, ಮಲ ಹೊರುವುದನ್ನು ಇನ್ನೊಂದು ಕೇರಿಗೆ ಒಪ್ಪಿಸಿದ ಊರೇ ಕೊಲ್ಲುವುದನ್ನೂ ಮತ್ತೊಬ್ಬನಿಗೆ ಒಪ್ಪಿಸಿತು. ತಿನ್ನುವ ಬಾಯಿ ನಮ್ಮದು, ಕೊಯ್ಯುವ ಕೈ ಅವನದು. ಪಾಪವನ್ನು ಆಯದ ಜೋಳ ಕೊಟ್ಟು ಸಾಗಹಾಕುವ ಉಪಾಯವೂ ಇದರಲ್ಲಿ ಇದ್ದೀತು. ಆದರೂ ಅಜ್ಜನ ವಾಕ್ಯದಲ್ಲಿ ಒಂದು ಹಿಡಿತವಿದೆ. ಕೊಲ್ಲುವುದಕ್ಕೆ ಅನುಮತಿ ಬೇಕು, ಅದನ್ನು ಬಾಯಿಬಿಟ್ಟು ಕೇಳಬೇಕು, ಕೇಳುವವನು ಊರಿನ ಎದುರಿಗೇ ಇರಬೇಕು. ಮೇಕೆ ಕಾಯಿಲೆಯದಾಗಿದ್ದರೆ ಮುಲ್ಲಾ ಕೊಯ್ಯುವುದಿಲ್ಲ ಎನ್ನುತ್ತಿದ್ದ, ಗೌಡನ ಮೇಕೆಯಾದರೂ. ಆ ಕ್ಷಣಕ್ಕೆ ಗೌಡನಿಗೂ ಬೇಡ ಎನ್ನುವ ಅಧಿಕಾರ ಊರಿನಲ್ಲಿ ಅವನೊಬ್ಬನಿಗಿತ್ತು.

2022ರ ಯುಗಾದಿಯ ಹೊತ್ತಿಗೆ ಈ ಏರ್ಪಾಟೆಲ್ಲ ಇದ್ದಕ್ಕಿದ್ದಂತೆ ಸುದ್ದಿಯ ವಸ್ತುವಾಯಿತು. ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ಬೆಂಗಳೂರು ಮೈಸೂರು ಕಡೆಯಿಂದ ಶುರುವಾಯಿತು. ಹಲಾಲ್ ಎಂಬುದು 'ಆರ್ಥಿಕ ಜಿಹಾದ್' ಎಂದು ಬಿಜೆಪಿಯ ಆಗಿನ ರಾಷ್ಟ್ರೀಯ ಪ್ರಧಾನ ಕಾರ್ಯದರ್ಶಿ ಸಿ.ಟಿ. ರವಿ ಹೇಳಿದರು. ಹೊಸತೊಡಕು ನಮ್ಮ ಕಡೆಯ ಹಬ್ಬವೇ ಅಲ್ಲ. ಬೆಳಗಾವಿಯಲ್ಲಿ ಯುಗಾದಿಯ ಮರುದಿನ ಮಟನ್ ಅಂಗಡಿಯೆದುರು ವಿಶೇಷ ಸಾಲೇನೂ ನಿಲ್ಲುವುದಿಲ್ಲ. ಆದರೂ ಕರೆ ಇಲ್ಲಿಗೂ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಇಲ್ಲಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಹಲಾಲ್ ಪ್ರಮಾಣಪತ್ರದ ವಿರುದ್ಧ ಖಾಸಗಿ ಮಸೂದೆ ತರುವುದಾಗಿ ವಿಧಾನ ಪರಿಷತ್ ಸದಸ್ಯ ಎನ್. ರವಿಕುಮಾರ್ ಹೇಳಿದ್ದರು. ಅದು ಕಾಯ್ದೆಯಾಗಲಿಲ್ಲ. ಮಾತು ಮಾತ್ರ ಊರಿನಲ್ಲಿ ಉಳಿಯಿತು.

ನನ್ನ ಜೊತೆ ಹಾಸ್ಟೆಲಿನಲ್ಲಿದ್ದ ಗೆಳೆಯನೊಬ್ಬ ಆಗ ಕೇಳಿದ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅವನು ಗಲಾಟೆ ಮಾಡುವವನಲ್ಲ. "ನೋಡಪಾ, ನನಗ ಅವರ ಮ್ಯಾಲ ಸಿಟ್ಟಿಲ್ಲ. ಆದರ ನಾ ನಂಬದ ದೇವರಿಗೆ ಒಪ್ಪಿಸಿದ್ದನ್ನ ನಾ ಯಾಕ ತಿನ್ನಲಿ? ನೀ ಆದರ ತಿಂತೀಯೇನು, ತಿಳಿಸದ ತಿನಿಸಿದರ?"

ಇದು ನ್ಯಾಯವಾದ ಪ್ರಶ್ನೆ. ಸಿಖ್ಖರ ರೆಹತ್ ಮರ್ಯಾದಾ 'ಕುಠಾ' ಮಾಂಸವನ್ನು, ಅಂದರೆ ಮುಸ್ಲಿಂ ಪದ್ಧತಿಯಲ್ಲಿ ಕೊಯ್ದದ್ದನ್ನು, ಸ್ಪಷ್ಟವಾಗಿ ನಿಷೇಧಿಸುತ್ತದೆ. ಹಲಾಲ್ ತಿನ್ನುವುದು ಒಬ್ಬರ ಧರ್ಮವಾದರೆ ಅದನ್ನು ತಿನ್ನದಿರುವುದು ಇನ್ನೊಬ್ಬರ ಧರ್ಮ. ಇಬ್ಬರಿಗೂ ಮಾಹಿತಿ ಬೇಕು. ದಕ್ಷಿಣ ದಿಲ್ಲಿ ಪಾಲಿಕೆ 2021ರಲ್ಲಿ ಹೋಟೆಲುಗಳೂ ಮಾಂಸದ ಅಂಗಡಿಗಳೂ ತಮ್ಮದು ಹಲಾಲೋ ಝಟ್ಕಾವೋ ಎಂದು ಬೋರ್ಡು ಹಾಕಬೇಕು ಎಂದು ತೀರ್ಮಾನಿಸಿತು. ಅದರ ಹಿಂದಿನ ಉದ್ದೇಶಗಳೇನೇ ಇರಲಿ, ತಿಳಿಸಿ ಮಾರು ಎಂಬ ನಿಯಮದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ 2022ರ ಕರೆ ಕೇಳಿದ್ದು ಇದನ್ನಲ್ಲ. ತಿಳಿಸಿ ಮಾರು ಎಂದು ಹೇಳಲಿಲ್ಲ, ಅವರ ಅಂಗಡಿಗೆ ಹೋಗಬೇಡ ಎಂದಿತು. ಕೊಯ್ಯುವ ವಿಧಾನದ ಬಗ್ಗೆ ಶುರುವಾದ ಮಾತು ಕೆಲವೇ ದಿನಗಳಲ್ಲಿ ಹಣ್ಣಿನ ಅಂಗಡಿಗೂ ಹೊರಳಿತ್ತು. ಮಾವಿನ ಹಣ್ಣನ್ನು ಯಾರೂ ಹಲಾಲ್ ಮಾಡುವುದಿಲ್ಲ. ನನ್ನ ಗೆಳೆಯನ ಪ್ರಶ್ನೆ ಆತ್ಮಸಾಕ್ಷಿಯದಾಗಿತ್ತು. ಅದನ್ನು ಎತ್ತಿಕೊಂಡು ಹೋದವರು ಮಾಡಿದ್ದು ವ್ಯಾಪಾರದ ಲೆಕ್ಕಾಚಾರ.

ಇನ್ನು ಪ್ರಮಾಣಪತ್ರದ ಸಂಗತಿ. ಅಜ್ಜನ ಕಾಲದ ಹಲಾಲಿಗೂ ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಲಾಲಿಗೂ ಹೆಸರೊಂದೇ. ಮಿಕ್ಕಿದ್ದೆಲ್ಲ ಬೇರೆ. ಹಿಟ್ಟು ಸಕ್ಕರೆಯ ಬಿಸ್ಕತ್ತಿಗೆ ಹಲಾಲ್ ಯಾಕೆ ಎಂದು ಜನ ನಗುತ್ತಾರೆ. ಕಾರಣವಿದೆ. ಬೇಕರಿ ತಿನಿಸುಗಳಲ್ಲಿ ಹಾಕುವ ಇ 471 ಎಂಬ ಪದಾರ್ಥವನ್ನು ಸಸ್ಯದ ಎಣ್ಣೆಯಿಂದಲೂ ತೆಗೆಯಬಹುದು, ಪ್ರಾಣಿಯ ಕೊಬ್ಬಿನಿಂದಲೂ ತೆಗೆಯಬಹುದು. ಮಾತ್ರೆಯ ಹೊರಕವಚದ ಜಿಲೆಟಿನ್ ಹಂದಿಯದೋ ದನದದೋ ಕಣ್ಣಿಗೆ ಗೊತ್ತಾಗುವುದಿಲ್ಲ. ಸುವಾಸನೆಯ ದ್ರವದಲ್ಲಿ ಆಲ್ಕೋಹಾಲ್ ಇರಬಹುದು. ಕಾರ್ಖಾನೆಯ ಆಹಾರದಲ್ಲಿ ಒಳಗೇನಿದೆ ಎಂದು ತಿನ್ನುವವನಿಗೆ ತಿಳಿಯುವ ಯಾವ ದಾರಿಯೂ ಇಲ್ಲ. ಆದ್ದರಿಂದ ಯಾರೋ ಒಳಹೊಕ್ಕು ನೋಡಿ ಬಂದು ಚೀಟಿ ಬರೆದುಕೊಡಬೇಕು. ಜಗತ್ತಿನ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ 1997ರಲ್ಲಿಯೇ ಹಲಾಲ್ ಪದದ ಬಳಕೆಗೆ ಮಾರ್ಗಸೂಚಿ ಹೊರಡಿಸಿದೆ. ಇಂಡೋನೇಷ್ಯಾ 2014ರ ಕಾನೂನಿನ ಮೂಲಕ ಪ್ರಮಾಣಪತ್ರವನ್ನು ಹಂತಹಂತವಾಗಿ ಕಡ್ಡಾಯ ಮಾಡುತ್ತ ಬಂದಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಹಲಾಲ್ ಕೋಳಿಮಾಂಸ ರಫ್ತು ಮಾಡುವ ದೇಶ ಬ್ರೆಜಿಲ್, ಕ್ರೈಸ್ತರೇ ಹೆಚ್ಚಿರುವ ನಾಡು. ಇಲ್ಲಿ ಧರ್ಮ ಎಲ್ಲಿದೆ, ಮಾರುಕಟ್ಟೆ ಎಲ್ಲಿದೆ ಎಂದು ಬಿಡಿಸಿ ಹೇಳುವುದು ಕಷ್ಟ.

ನಮ್ಮ ಸರಕಾರಗಳ ನಡೆ ಇನ್ನೂ ವಿಚಿತ್ರ. 2021ರ ಜನವರಿಯಲ್ಲಿ ರಫ್ತು ಪ್ರಾಧಿಕಾರ ಅಪೇಡಾ ತನ್ನ ಮಾಂಸದ ಕೈಪಿಡಿಯಿಂದ ಹಲಾಲ್ ಎಂಬ ಪದವನ್ನು ತೆಗೆದುಹಾಕಿತು. 2023ರ ಏಪ್ರಿಲ್‌ನಲ್ಲಿ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಹಲಾಲ್ ಎಂದು ಮಾಂಸ ರಫ್ತು ಮಾಡುವವರು ಮಾನ್ಯತೆ ಪಡೆದ ಸಂಸ್ಥೆಗಳಿಂದಲೇ ಪ್ರಮಾಣಪತ್ರ ಪಡೆಯಬೇಕೆಂದು ನಿಯಮ ಮಾಡಿತು. ಅದೇ ವರ್ಷ ನವೆಂಬರ್ 18ರಂದು ಉತ್ತರ ಪ್ರದೇಶ ಹಲಾಲ್ ಮುದ್ರೆಯ ಆಹಾರದ ತಯಾರಿಕೆ, ದಾಸ್ತಾನು, ಮಾರಾಟವನ್ನು ನಿಷೇಧಿಸಿತು. ರಫ್ತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಒಂದು ಮುದ್ರೆ ಜನರಿಗೆ ಮೋಸವೆಂದಾದರೆ ಅದು ದುಬೈ ಜನರಿಗೂ ಮೋಸವೇ. ಮೋಸವಲ್ಲದಿದ್ದರೆ ಲಖನೌದಲ್ಲಿ ಯಾಕೆ ಅಪರಾಧ? ಡಾಲರ್ ತರುವಾಗ ಧರ್ಮವಾಗಿ, ರೂಪಾಯಿ ತರುವಾಗ ಷಡ್ಯಂತ್ರವಾಗುವ ಪದ ಇನ್ನೊಂದಿಲ್ಲ.

ಈ ಮುದ್ರೆಯ ಖರ್ಚನ್ನು ಮುಸ್ಲಿಮೇತರರೂ ಹೊರಬೇಕಾಗುತ್ತದೆ ಎಂಬ ದೂರು ಇದೆ. ಒಪ್ಪುತ್ತೇನೆ, ಬೆಲೆಯಲ್ಲಿ ಅದರ ಪಾಲು ಸೇರಿರುತ್ತದೆ. ಆದರೆ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೆನಪಿಸಿಕೊಳ್ಳಿ. ಅದೂ ಈ ನಾಡಿನ ಒಂದು ಭಾಗದ ಜನರ ಆಚಾರವೇ. ಪೌಷ್ಟಿಕತೆಗೂ ಸ್ವಚ್ಛತೆಗೂ ಅದು ಏನೂ ಹೇಳುವುದಿಲ್ಲ. ಅದನ್ನು ಕಾನೂನೇ ಕಡ್ಡಾಯ ಮಾಡಿದೆ, ಖರ್ಚು ನಾನೂ ಹೊರುತ್ತೇನೆ. ನನಗೆ ಬೇಸರವಿಲ್ಲ, ಸಸ್ಯಾಹಾರಿಯೊಬ್ಬ ನಿಶ್ಚಿಂತೆಯಿಂದ ಉಣ್ಣಲಿ ಎಂದು ನಾನು ಕೊಡುವ ಪೈಸೆ ಅದು. ಈಚೆಗೆ, 2025ರ ಮಾರ್ಚ್‌ನಲ್ಲಿ, ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಸಚಿವ ನಿತೇಶ್ ರಾಣೆ ಝಟ್ಕಾ ಅಂಗಡಿಗಳಿಗೆ 'ಮಲ್ಹಾರ್' ಎಂಬ ಪ್ರಮಾಣಪತ್ರವನ್ನು ಪ್ರಕಟಿಸಿದರು. ಮಲ್ಹಾರ ಎಂದರೆ ಖಂಡೋಬಾ, ನಮ್ಮ ಮೈಲಾರಲಿಂಗ. ಪ್ರಮಾಣಪತ್ರವೇ ಬೇಡ ಎಂದು ಶುರುವಾದ ವಾದ ಇನ್ನೊಂದು ಪ್ರಮಾಣಪತ್ರದಲ್ಲಿ ಬಂದು ನಿಂತಿತು.

ನನ್ನ ತಕರಾರು ಬೇರೆ ಕಡೆಯಿಂದ ಬರುತ್ತದೆ. ಪ್ರಮಾಣಪತ್ರ ಯಾರ ದೇವರ ಹೆಸರಿನಲ್ಲಿದೆ ಎಂಬುದು ನನಗೆ ಸಣ್ಣ ಸಂಗತಿ. ಹೇಳುವವನನ್ನು ತೆಗೆದು ಆ ಜಾಗದಲ್ಲಿ ಅದು ಕಾಗದವನ್ನು ಇಡುತ್ತದಲ್ಲ, ನನ್ನ ಆತಂಕ ಅದು. ಇದನ್ನು ಸ್ಪಷ್ಟಪಡಿಸಲು ಖಾನಾಪುರದಿಂದ ಬೆಳಗಾವಿಗೆ ಬರುವ ಒಂದು ಕೋಳಿಯನ್ನು ಹಿಂಬಾಲಿಸಬೇಕು.

ಖಾನಾಪುರ ತಾಲ್ಲೂಕಿನಲ್ಲಿ ರಸ್ತೆಯಿಂದ ಒಳಗೆ ಹೋದರೆ ಹೊಲಗಳ ನಡುವೆ ಉದ್ದನೆಯ ತಗಡಿನ ಶೆಡ್ಡುಗಳು ಕಾಣುತ್ತವೆ. ಪಕ್ಕಕ್ಕೆ ಜಾಳಿಗೆ, ಮಳೆಗಾಲದಲ್ಲಿ ಇಳಿಬಿಟ್ಟ ತಾಡಪತ್ರಿ. ಕೋಳಿ ಫಾರ್ಮ್. ಹೆಚ್ಚಿನವು ಕಂಪನಿಯ ಕರಾರಿನ ಮೇಲೆ ನಡೆಯುತ್ತವೆ. ಮರಿ ಕಂಪನಿಯದು, ಕಾಳು ಕಂಪನಿಯದು, ಔಷಧಿಯೂ ಅವರದೇ. ಶೆಡ್ಡು, ಕರೆಂಟು, ನೀರು, ಮೈಮುರಿತ ರೈತನದು. ಸುಮಾರು 40 ದಿನಕ್ಕೆ ಎರಡು ಕಿಲೋ ತೂಗುವ ಹೊತ್ತಿಗೆ ರಾತ್ರಿ ಗಾಡಿ ಬಂದು ತುಂಬಿಕೊಂಡು ಹೋಗುತ್ತದೆ. ಕಿಲೋಗೆ ಇಷ್ಟು ಎಂದು ಸಾಕಣೆಯ ಕೂಲಿ ರೈತನ ಖಾತೆಗೆ. ಕೋಳಿ ಅವನ ಅಂಗಳದಲ್ಲಿದ್ದರೂ ಅವನದಲ್ಲ. ಕತ್ತಲಲ್ಲೇ ತುಂಬುವುದು ಯಾಕೆಂದರೆ ಬೆಳಕಿಲ್ಲದಾಗ ಕೋಳಿ ಒದ್ದಾಡುವುದಿಲ್ಲ, ಬಿಸಿಲಿನಲ್ಲಿ ತೂಕ ಕಳೆದುಕೊಳ್ಳುವುದಿಲ್ಲ. ಬೆಳಗಿನ ಜಾವ ಪ್ಲಾಸ್ಟಿಕ್ ಕ್ರೇಟುಗಳು ಬೆಳಗಾವಿಯ ಅಂಗಡಿಗಳಿಗೆ ಇಳಿಯುತ್ತವೆ.

ಅಂಗಡಿಯಲ್ಲಿ ಪಂಜರ ಮುಂದೆ, ಮರದ ತುಂಡು ಹಿಂದೆ, ನಡುವೆ ಒಂದು ಡ್ರಮ್ಮು. ಗಿರಾಕಿ ಬೊಟ್ಟು ಮಾಡಿದ ಕೋಳಿಯನ್ನು ರೆಕ್ಕೆ ಹಿಡಿದು ತೆಗೆದು ತೂಗುತ್ತಾರೆ, ಕುತ್ತಿಗೆ ಕೊಯ್ದು ಡ್ರಮ್ಮಿಗೆ ಹಾಕುತ್ತಾರೆ. ಒಳಗೆ ಬಡಿದುಕೊಳ್ಳುವ ಸದ್ದು ನಿಂತ ಮೇಲೆ ಚರ್ಮ ಎಳೆಯುತ್ತಾರೆ. ಉಳಿದ ಕೋಳಿಗಳು ಒಂದು ಮಾರು ದೂರದಲ್ಲಿ ಇದನ್ನೆಲ್ಲ ನೋಡುತ್ತ ನಿಂತಿರುತ್ತವೆ. ಇಸ್ಲಾಮಿನ ಶಿಷ್ಟಾಚಾರದಲ್ಲಿ ಪ್ರಾಣಿಯೆದುರು ಚೂರಿ ಮಸೆಯಬಾರದು, ಒಂದರೆದುರು ಇನ್ನೊಂದನ್ನು ಕೊಯ್ಯಬಾರದು, ನೀರು ಕುಡಿಸಬೇಕು. ಭಾರತ ಸರಕಾರದ 2001ರ ಕಸಾಯಿಖಾನೆ ನಿಯಮಗಳೂ ಬೇರೆ ಪ್ರಾಣಿಗಳ ಕಣ್ಣೆದುರು ಕೊಯ್ಯಬಾರದು ಎಂದೇ ಹೇಳುತ್ತವೆ. ಧರ್ಮವೂ ಸಂವಿಧಾನದ ಸರಕಾರವೂ ಅಪರೂಪಕ್ಕೆ ಒಂದೇ ಮಾತು ಹೇಳಿದ ಜಾಗ ಇದು. ಇಬ್ಬರ ಮಾತನ್ನೂ ಯಾರೂ ಕೇಳದ ಜಾಗವೂ ಇದೇ. ಹಲಾಲ್ ಎಂಬ ಬೋರ್ಡಿನ ಅಂಗಡಿಯಲ್ಲೂ ಪಂಜರ ಅಲ್ಲೇ ಇದೆ. ಝಟ್ಕಾ ಎಂದು ಹೊಸದಾಗಿ ಬಣ್ಣದಲ್ಲಿ ಬರೆಸಿದ ಅಂಗಡಿಯಲ್ಲೂ ಪಂಜರ ಅಲ್ಲೇ ಇದೆ.

ಕ್ಯಾಂಪ್ ಕಡೆಯ ಅಂಗಡಿಯೊಂದರಲ್ಲಿ ಕೊಯ್ಯುವ ಹುಡುಗನನ್ನು ನಾನು ಬಹಳ ದಿನ ಮಾತನಾಡಿಸಿದ್ದೇನೆ. ನನಗಿಂತ ಚಿಕ್ಕವನು. ಭಾನುವಾರ ನೂರೈವತ್ತು ಇನ್ನೂರು ಕೋಳಿ. ಪ್ರತಿ ಸಲವೂ ಹೆಸರು ಹೇಳುತ್ತೀಯಾ ಎಂದು ಕೇಳಿದೆ. "ಹೇಳ್ತೀನಿ ಸರ್. ಬಾಯಿ ಹೇಳತೈತಿ. ಮನಸ್ಸ ಒಮ್ಮೊಮ್ಮೆ ಇರತೈತಿ, ಒಮ್ಮೊಮ್ಮೆ ಗಿರಾಕಿ ಕಡೆ ಇರತೈತಿ." ಸ್ವಲ್ಪ ತಡೆದು, "ಮೊದಲನೇ ಕೋಳಿಗೆ ಮಾತ್ರ ಪೂರಾ ಮನಸ್ಸಿನಿಂದ ಹೇಳ್ತೀನಿ" ಎಂದ. ಯಾವ ಪ್ರಮಾಣಪತ್ರದಲ್ಲೂ ಇಷ್ಟು ಪ್ರಾಮಾಣಿಕವಾದ ವಾಕ್ಯವನ್ನು ನಾನು ಓದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಕೋಳಿಗಳು ಕಾಲು ಮೇಲಾಗಿ ಕೊಕ್ಕೆಗೆ ತೂಗುತ್ತ ಬರುತ್ತವೆ, ತಿರುಗುವ ಅಲಗು ಕುತ್ತಿಗೆಯನ್ನು ಕೊಯ್ಯುತ್ತದೆ. ಯಂತ್ರ ಕೊಯ್ದದ್ದು ಹಲಾಲ್ ಆಗುತ್ತದೆಯೇ ಎಂಬುದರಲ್ಲಿ ಇಸ್ಲಾಮಿನ ಪಂಡಿತರಲ್ಲೇ ಒಮ್ಮತವಿಲ್ಲ. ಆ ಚರ್ಚೆ ಹೊರಗಿನವರಿಗೆ ಕೂದಲು ಸೀಳಿದಂತೆ ಕಾಣಬಹುದು. ನನಗೆ ಅದು ನಮ್ಮ ಕಾಲದ ಬಹುಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿ ಕಾಣುತ್ತದೆ. ಕೊಲ್ಲುವವನು ಯಂತ್ರವಾದಾಗ ಉತ್ತರ ಹೇಳುವವನು ಎಲ್ಲಿ ನಿಂತಿರುತ್ತಾನೆ? ಗುಂಡಿ ಒತ್ತಿದವನೇ, ಯಂತ್ರ ಮಾಡಿದವನೇ, ಮೊಬೈಲಿನಲ್ಲಿ ಅರ್ಧ ಕಿಲೋ ತರಿಸಿಕೊಂಡವನೇ?

ಯುರೋಪಿನಲ್ಲಿ ಈ ಪ್ರಶ್ನೆ ನ್ಯಾಯಾಲಯಕ್ಕೆ ಹೋಗಿದೆ. ಪ್ರಜ್ಞೆ ತಪ್ಪಿಸದೆ ಕೊಯ್ದ ಪ್ರಾಣಿಯ ಮಾಂಸಕ್ಕೆ ಸಾವಯವ ಮುದ್ರೆ ಹಾಕುವಂತಿಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2019ರಲ್ಲಿ ಹೇಳಿತು. 2020ರ ಡಿಸೆಂಬರಿನಲ್ಲಿ, ಬೆಲ್ಜಿಯಂನ ಫ್ಲಾಂಡರ್ಸ್ ಪ್ರಾಂತ್ಯ ಪ್ರಜ್ಞೆ ತಪ್ಪಿಸುವುದನ್ನು ಕಡ್ಡಾಯ ಮಾಡಿದ್ದನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಮುಸ್ಲಿಮರಿಗೂ ಯಹೂದಿಗಳಿಗೂ ಅದು ನೋವಾಯಿತು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 28ನೇ ಸೆಕ್ಷನ್, ಯಾವುದೇ ಸಮುದಾಯದ ಧರ್ಮ ಬಯಸುವ ರೀತಿಯಲ್ಲಿ ಕೊಲ್ಲುವುದು ಅಪರಾಧವಲ್ಲ ಎನ್ನುತ್ತದೆ. ಎರಡೂ ದಾರಿ ಮಾತ್ರ ಇರುವುದೆಂದು ತಿಳಿಯಬೇಕಿಲ್ಲ. ನ್ಯೂಜಿಲೆಂಡಿನಲ್ಲಿ ಕುರಿಯ ತಲೆಗೆ ಮಾತ್ರ ವಿದ್ಯುತ್ ತಾಗಿಸಿ, ಬಿಟ್ಟರೆ ಮತ್ತೆ ಎಚ್ಚರಗೊಳ್ಳುವಷ್ಟು ಮಾತ್ರ ಮಂಪರು ಬರಿಸಿ, ಹಲಾಲ್ ಆಗಿ ಕೊಯ್ದು ರಫ್ತು ಮಾಡುತ್ತಾರೆ. ಪ್ರಾಣಿಯ ಸಂಕಟದ ಬಗ್ಗೆ ನಿಜವಾಗಿ ಕಾಳಜಿ ಇದ್ದವರು ಈ ದಾರಿಯ ಬಗ್ಗೆ ಮಾತನಾಡುತ್ತಾರೆ. 2022ರಲ್ಲಿ ಕೋಳಿಯ ನೋವಿನ ಬಗ್ಗೆ ಕಣ್ಣೀರು ಹಾಕಿದವರಲ್ಲಿ ಎಷ್ಟು ಮಂದಿ ಖಾನಾಪುರದ ಶೆಡ್ಡಿನ 40 ದಿನಗಳ ಬಗ್ಗೆ ಮಾತನಾಡಿದರು? ಒಂದು ಕೋಳಿಯ ಬದುಕಿನಲ್ಲಿ ಕೊನೆಯ ಅರ್ಧ ನಿಮಿಷ ಮಾತ್ರ ಧರ್ಮದ್ದು, ಉಳಿದದ್ದೆಲ್ಲ ಕರಾರುಪತ್ರದ್ದು.

ಬೆಳಗಾವಿಯ ಕೋಟೆಯೊಳಗೆ 13ನೇ ಶತಮಾನದ ಆರಂಭದ ಕಮಲ ಬಸದಿ ಇದೆ. ಅಲ್ಲಿಗೆ ನಿತ್ಯ ಹೋಗುವ ಜೈನ ಗೆಳತಿಯೊಬ್ಬಳಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಆಕೆ ಬಹಳ ತಾಳ್ಮೆಯಿಂದ ಕೇಳಿ, "ಹೆಸರು ಯಾವುದರೆ ಇರಲಿ, ಕುತ್ತಿಗಿ ಒಂದ ಅಲ್ಲೇನು?" ಎಂದಳು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆಕೆಯ ಧರ್ಮ ಒಂದು ಬಾಗಿಲನ್ನು ಪೂರ್ತಿ ಮುಚ್ಚಿದೆ, ಆದ್ದರಿಂದ ಅಲ್ಲಿ ಗೊಂದಲವಿಲ್ಲ. ಬಾಗಿಲು ತೆರೆದಿಟ್ಟುಕೊಂಡವರು ನಾವು. ಬೌದ್ಧ ಭಿಕ್ಷುಗಳಿಗೆ ಇದ್ದ ನಿಯಮ ಇದಕ್ಕಿಂತ ನಾಜೂಕಿನದು: ತನಗಾಗಿಯೇ ಕೊಂದದ್ದೆಂದು ಕಂಡಿರಬಾರದು, ಕೇಳಿರಬಾರದು, ಶಂಕೆಯೂ ಇರಬಾರದು, ಹಾಗಿದ್ದರೆ ಭಿಕ್ಷೆಗೆ ಬಂದ ಮಾಂಸವನ್ನು ತಿನ್ನಬಹುದು. ಇಂದಿನ ತಣ್ಣನೆಯ ಪೊಟ್ಟಣ ನಮ್ಮೆಲ್ಲರನ್ನೂ ಆ ಭಿಕ್ಷುಗಳನ್ನಾಗಿ ಮಾಡಿದೆ, ಕೈಯಲ್ಲಿ ಭಿಕ್ಷಾಪಾತ್ರೆಯ ಬದಲು ಎಟಿಎಂ ಕಾರ್ಡು ಹಿಡಿದ ಭಿಕ್ಷುಗಳು. ಕಾಣುವುದಿಲ್ಲ, ಕೇಳುವುದಿಲ್ಲ, ಶಂಕೆ ಬಂದರೆ ಮುದ್ರೆ ನೋಡಿಕೊಳ್ಳುತ್ತೇವೆ.

ಹೀಗಾಗಿ ನನ್ನ ಗೆಳೆಯನ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇಷ್ಟು. ನೀನು ತಿನ್ನದಿರಬಹುದು, ಅದು ನಿನ್ನ ಹಕ್ಕು. ಅದಕ್ಕೆ ಬೇಕಾದ ಮಾಹಿತಿಯನ್ನು ಅಂಗಡಿಯವನು ಕೊಡಬೇಕು. ಆದರೆ ಇನ್ನೊಬ್ಬನ ದೇವರ ಹೆಸರು ನಿನ್ನ ತಟ್ಟೆಯನ್ನು ಕೆಡಿಸಿತು ಎನ್ನುವ ಮೊದಲು, ಯಾವ ಹೆಸರೂ ಇಲ್ಲದೆ ಸತ್ತದ್ದು ನಿನ್ನ ತಟ್ಟೆಗೆ ಎಷ್ಟು ಸಲ ಬಂದಿದೆ, ಅದು ನಿನಗೆ ಯಾಕೆ ಮೈಲಿಗೆ ಅನ್ನಿಸಲಿಲ್ಲ, ಅದನ್ನು ಯೋಚಿಸು. ಅವನು ಒಪ್ಪಲಿಲ್ಲ. ನೀನು ಪ್ರಶ್ನೆಯನ್ನೇ ಬದಲಾಯಿಸಿದೆ ಎಂದ. ಇರಬಹುದು. ನಾವಿನ್ನೂ ಗೆಳೆಯರೇ, ಧೂಳವಾಡದಂದು ಮಾತ್ರ ಬೇರೆ ಬೇರೆ ಕಡೆ ಉಣ್ಣುತ್ತೇವೆ.

ನಮ್ಮೂರಿನ ಮುಲ್ಲಾನ ಮೊಮ್ಮಗ ಈಗ ಖಾನಾಪುರದಲ್ಲಿ ಕೋಳಿ ಗಾಡಿ ಓಡಿಸುತ್ತಾನೆ. ಹೋದ ವರ್ಷ ಹೊಲದ ದೇವರ ಹರಕೆಗೆ ನಮ್ಮ ದೊಡ್ಡಪ್ಪ ಅವನಿಗೆ ಹೇಳಿಕಳಿಸಿದರು. ರಜೆ ಹಾಕಿ ಬಂದ. ಚೂರಿಯನ್ನು ಮೇಕೆಗೆ ಕಾಣದಂತೆ ಬೆನ್ನ ಹಿಂದೆ ಹಿಡಿದು, ಕೊಯ್ಯುವ ಮುನ್ನ ಒಮ್ಮೆ ಸುತ್ತ ನೋಡಿದ. ನಾಲ್ಕಾರು ಹುಡುಗರ ಕೈಯಲ್ಲಿ ಮೊಬೈಲಿತ್ತು. "ಕಾಕಾ, ದುವಾ ಓದಲ್ಯೋ ಬ್ಯಾಡೋ, ಮೊದಲ ಹೇಳಿಬಿಡ್ರಿ" ಎಂದ. ಅವನ ಅಜ್ಜನಾಗಲಿ ಅಪ್ಪನಾಗಲಿ ಹಾಗೆ ಎಂದೂ ಕೇಳಿದವರಲ್ಲ. ದೊಡ್ಡಪ್ಪನಿಗೆ ಏನು ಹೇಳಬೇಕೆಂದು ತಕ್ಷಣ ಹೊಳೆಯಲಿಲ್ಲ. ಪಾತ್ರೆ ತೊಳೆಯುತ್ತಿದ್ದ ದೊಡ್ಡವ್ವ ತಲೆಯೆತ್ತದೆ, "ಓದದ ಹೆಂಗ ಕೊಯ್ತೀಯೋ?" ಎಂದಳು. ಅವನು ಹುಡುಗರಿಗೆ ಮೊಬೈಲ್ ಒಳಗಿಡಲು ಹೇಳಿ, ಮೇಕೆಗೆ ನೀರು ಕುಡಿಸಿ, ಓದಿ ಕೊಯ್ದ. ಮಧ್ಯಾಹ್ನ ಮುತ್ತುಗದ ಎಲೆಗಳ ಮೇಲೆ ಹದಿನಾಲ್ಕು ಪಾಲು ಹಾಕಿದರು. ಹನ್ನೆರಡು ಮನೆಯವರು ಬಂದು ಒಯ್ದರು. ಎರಡು ಪಾಲು ಹಾಗೇ ಉಳಿದವು. ಕತ್ತಲಾದ ಮೇಲೆ ದೊಡ್ಡವ್ವ ಅವುಗಳಿಗೂ ಉಪ್ಪು ಅರಿಶಿನ ಸವರಿ ಹಗ್ಗಕ್ಕೆ ಒಣಹಾಕಿದಳು.